ಅಟಾರಿ ಪಂಕ್ ಕನ್ಸೋಲ್

ಅಟಾರಿ ಪಂಕ್ ಕನ್ಸೋಲ್ ಎಂಬುದು ಎರಡು 555 ಟೈಮರ್ ಐಸಿಗಳನ್ನು, ಅಥವಾ ಅಂಥ ಎರಡು ಟೈಮರ್‌ಗಳನ್ನು ಒಂದೇ ಕವಚದಲ್ಲಿ ಹೊಂದಿರುವ 556 ಐಸಿಯನ್ನು ಬಳಸಿ ಕಟ್ಟುವ ಸರಳ ಶಬ್ದೋತ್ಪಾದಕ ವಿದ್ಯುನ್ಮಂಡಲ. 9 ವೋಲ್ಟ್ ಬ್ಯಾಟರಿ, ಎರಡು ತಿರುಗುಗುಂಡಿಗಳು, ಕೆಲವೇ ರೋಧಕಗಳು ಮತ್ತು ಕೆಪಾಸಿಟರುಗಳು ಹಾಗೂ ಒಂದು ಸಣ್ಣ ಸ್ಪೀಕರ್ ಇದರ ಮುಖ್ಯ ಭಾಗಗಳು. ಅಮೆರಿಕದ ವಿದ್ಯುನ್ಮಾನ ಲೇಖಕ ಫಾರೆಸ್ಟ್ ಮಿಮ್ಸ್ ಇದನ್ನು 1980ರಲ್ಲಿ ಪ್ರಕಟಿಸಿದರು. ವಿದ್ಯುನ್ಮಾನ ಸಂಗೀತ ಉಪಕರಣಗಳನ್ನು ಸ್ವತಃ ಕಟ್ಟಲು ತೊಡಗುವವರಿಗೆ ಮೊದಲ ಯೋಜನೆಯಾಗಿ ಇದನ್ನು ವ್ಯಾಪಕವಾಗಿ ಸೂಚಿಸಲಾಗುತ್ತದೆ. ಭಾಗಗಳು ಅಗ್ಗವಾಗಿರುವುದು ಇದಕ್ಕೆ ಒಂದು ಕಾರಣ. ಮಂಡಲದ ಪ್ರತಿಯೊಂದು ಭಾಗದ ಕೆಲಸವನ್ನೂ ಕಿವಿಯಿಂದಲೇ ಗುರುತಿಸಬಹುದಾಗಿರುವುದು ಇನ್ನೊಂದು ಕಾರಣ.

ಹೆಸರು

ಮಿಮ್ಸ್ ಈ ಮಂಡಲಕ್ಕೆ ಈಗಿನ ಹೆಸರನ್ನು ಇಟ್ಟಿರಲಿಲ್ಲ. 1980ರ ಪುಸ್ತಕದಲ್ಲಿ ಇದು "ಸೌಂಡ್ ಸಿಂಥಸೈಜರ್" ಎಂದೂ 1984ರಲ್ಲಿ ಬಂದ 555 ಮಂಡಲಗಳ ಕಿರುಪುಸ್ತಕದಲ್ಲಿ "ಸ್ಟೆಪ್ಡ್ ಟೋನ್ ಜನರೇಟರ್", ಅಂದರೆ ಮೆಟ್ಟಿಲು ಸ್ವರಗಳ ಉತ್ಪಾದಕ, ಎಂದೂ ಕರೆಯಲ್ಪಟ್ಟಿತ್ತು. "ಅಟಾರಿ ಪಂಕ್ ಕನ್ಸೋಲ್" ಎಂಬುದು ಮುಂದೆ ಕಾಸ್ಟಿಕ್ ಮಷೀನ್ಸ್ ಎಂಬ ಬಳಗ ಕೊಟ್ಟ ಹೆಸರು. ಮಂಡಲದ ಒರಟು ದನಿ ಹಳೆಯ ಅಟಾರಿ ವಿಡಿಯೋ ಆಟಗಳ ಶಬ್ದವನ್ನು ನೆನಪಿಸುತ್ತಿದ್ದುದೇ ಇದಕ್ಕೆ ಕಾರಣ.

ಹೆಸರಿನಲ್ಲಿ ಅಟಾರಿ ಇದ್ದರೂ ಮಂಡಲದಲ್ಲಿ ಆ ಸಂಸ್ಥೆಯ ಯಾವ ಭಾಗವೂ ಇಲ್ಲ. ಆದರೆ ದನಿಯ ಹೋಲಿಕೆ ಕೇವಲ ಆಕಸ್ಮಿಕವಲ್ಲ. 1977ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ 2600 ಯಂತ್ರದ ಶಬ್ದ ವಿಭಾಗವು ಸುಮಾರು 30 ಕಿಲೋಹರ್ಟ್ಸ್‌ನ ಸ್ಥಿರ ಆವೃತ್ತಿಯನ್ನು 1ರಿಂದ 32ರವರೆಗಿನ ಪೂರ್ಣಾಂಕಗಳಿಂದ ಭಾಗಿಸಿ ಸ್ವರಗಳನ್ನು ಪಡೆಯುತ್ತಿತ್ತು. ಅಟಾರಿ ಪಂಕ್ ಕನ್ಸೋಲ್ ಕೂಡ ಬೇರೆ ದಾರಿಯಿಂದ ಇದೇ ಭಾಗಾಕಾರವನ್ನು ಮಾಡುತ್ತದೆ.

ಇತಿಹಾಸ

555 ಟೈಮರ್ ಐಸಿಯನ್ನು ಹಾನ್ಸ್ ಕಾಮೆನ್‌ಜಿಂಡ್ ಅವರು 1971ರಲ್ಲಿ ಸಿಗ್ನೆಟಿಕ್ಸ್ ಸಂಸ್ಥೆಗಾಗಿ ವಿನ್ಯಾಸಗೊಳಿಸಿದರು. 1972ರಲ್ಲಿ ಅದು ಮಾರಾಟಕ್ಕೆ ಬಂತು. ಕಾಲವನ್ನು ಅಳೆಯುವುದು ಅದರ ಮೂಲ ಉದ್ದೇಶ. ಆದರೆ ಅದು 4.5 ವೋಲ್ಟ್‌ನಿಂದ 16 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ ಮತ್ತು ಸಣ್ಣ ಸ್ಪೀಕರನ್ನು ನೇರವಾಗಿ ನುಡಿಸುವಷ್ಟು ವಿದ್ಯುತ್ತನ್ನು ಕೊಡಬಲ್ಲದು. ಹೀಗಾಗಿ ಹವ್ಯಾಸಿಗಳು ಅದನ್ನು ಬಹುಬೇಗ ಶಬ್ದೋತ್ಪಾದನೆಗೂ ಬಳಸತೊಡಗಿದರು.

ಫಾರೆಸ್ಟ್ ಮಿಮ್ಸ್ ಅವರು ಎಂಐಟಿಎಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಇದೇ ಸಂಸ್ಥೆ ಮುಂದೆ, 1975ರಲ್ಲಿ, ಆಲ್ಟೇರ್ 8800 ಕಂಪ್ಯೂಟರನ್ನು ಹೊರತಂದಿತು. ಮಿಮ್ಸ್ ರೇಡಿಯೋ ಶ್ಯಾಕ್ ಮಳಿಗೆಗಳಿಗಾಗಿ ಬರೆದ ಪುಸ್ತಕಗಳ ಪುಟಗಳು ಕೈಬರಹದಲ್ಲೂ ಕೈಯಿಂದ ಬರೆದ ಚಿತ್ರಗಳಲ್ಲೂ ಇದ್ದವು. ಮಂಡಲದ ಚಿತ್ರವೂ ಭಾಗಗಳ ಬೆಲೆಗಳೂ ಒಂದೇ ನೋಟಕ್ಕೆ ಸಿಗುವಂತಿದ್ದ ಕಾರಣ ಎಂಜಿನಿಯರಿಂಗ್ ಓದದವರೂ ಅವನ್ನು ಅನುಸರಿಸಿ ಕಟ್ಟಬಹುದಾಗಿತ್ತು. ಮಂಡಲದ ನಕ್ಷೆ ಹೀಗೆ ಎಲ್ಲರ ಕೈಗೆ ಸಿಕ್ಕಿದ್ದೇ ಅದರ ದೀರ್ಘಾಯುಷ್ಯಕ್ಕೆ ಕಾರಣವಾಯಿತು.

ಕಾರ್ಯವಿಧಾನ

ಮಂಡಲದಲ್ಲಿ ಎರಡು ಹಂತಗಳಿವೆ. ಮೊದಲ ಟೈಮರ್ ಆಂದೋಲಕವಾಗಿ ಕೆಲಸ ಮಾಡುತ್ತದೆ. ಕೆಪಾಸಿಟರೊಂದು ರೋಧಕಗಳ ಮೂಲಕ ತುಂಬಿಕೊಳ್ಳುತ್ತದೆ. ಅದರ ವೋಲ್ಟೇಜು ಪೂರೈಕೆಯ ಮೂರನೆಯ ಎರಡು ಭಾಗವನ್ನು ಮುಟ್ಟಿದೊಡನೆ ಟೈಮರ್ ಅದನ್ನು ಬರಿದುಮಾಡತೊಡಗುತ್ತದೆ. ಮೂರನೆಯ ಒಂದು ಭಾಗಕ್ಕೆ ಇಳಿದಾಗ ಮತ್ತೆ ತುಂಬಲು ಬಿಡುತ್ತದೆ. 9 ವೋಲ್ಟ್ ಬ್ಯಾಟರಿಯಲ್ಲಿ ಈ ಏರಿಳಿತ 3 ಮತ್ತು 6 ವೋಲ್ಟ್‌ಗಳ ನಡುವೆ ನಡೆಯುತ್ತದೆ. ಮೊದಲ ಗುಂಡಿಯು ರೋಧವನ್ನು ಬದಲಿಸಿ ಈ ಏರಿಳಿತದ ವೇಗವನ್ನು ನಿರ್ಧರಿಸುತ್ತದೆ.

ಎರಡನೆಯ ಟೈಮರ್ ತಾನಾಗಿ ಆಂದೋಲಿಸುವುದಿಲ್ಲ. ಮೊದಲ ಟೈಮರಿನಿಂದ ಸೂಚನೆ ಬಂದಾಗ ಒಂದು ನಿಶ್ಚಿತ ಅವಧಿಯವರೆಗೆ ಅದರ ಹೊರಹರಿವು ಮೇಲೇರಿ ನಿಂತು, ಬಳಿಕ ಇಳಿಯುತ್ತದೆ. ಇದನ್ನು ಸ್ಪಂದ ಎನ್ನಬಹುದು. ಸ್ಪಂದದ ಅವಧಿ ರೋಧ ಮತ್ತು ಧಾರಕತೆಗಳ ಗುಣಲಬ್ಧದ 1.1 ಪಟ್ಟು, ಎರಡನೆಯ ಗುಂಡಿ ಈ ಅವಧಿಯನ್ನು ಬದಲಿಸುತ್ತದೆ. ಸ್ಪಂದ ಮುಗಿಯುವವರೆಗೆ ಬರುವ ಹೊಸ ಸೂಚನೆಗಳನ್ನು ಈ ಟೈಮರ್ ಲೆಕ್ಕಿಸುವುದಿಲ್ಲ. ಮಂಡಲದ ಇಡೀ ಸ್ವಭಾವ ಈ ಒಂದು ಗುಣದಿಂದ ಹುಟ್ಟುತ್ತದೆ.

ಉದಾಹರಣೆಗೆ, ಮೊದಲ ಟೈಮರ್ ಸೆಕೆಂಡಿಗೆ 1200 ಸೂಚನೆಗಳನ್ನು ಕೊಡುತ್ತಿದೆ ಎಂದುಕೊಂಡರೆ ಸೂಚನೆಗಳ ನಡುವಿನ ಅಂತರ ಸುಮಾರು 0.83 ಮಿಲಿಸೆಕೆಂಡು. ಸ್ಪಂದದ ಅವಧಿ 2 ಮಿಲಿಸೆಕೆಂಡು ಇದ್ದರೆ ನಡುವೆ ಬರುವ ಎರಡು ಸೂಚನೆಗಳು ವ್ಯರ್ಥವಾಗಿ, ಮೂರನೆಯದಕ್ಕೆ ಮಾತ್ರ ಹೊಸ ಸ್ಪಂದ ಆರಂಭವಾಗುತ್ತದೆ. ಆಗ ಕೇಳುವ ಸ್ವರ 1200ರ ಮೂರನೆಯ ಒಂದು ಭಾಗ, ಅಂದರೆ 400 ಹರ್ಟ್ಸ್. ಎರಡನೆಯ ಗುಂಡಿಯನ್ನು ತಿರುಗಿಸಿ ಸ್ಪಂದವನ್ನು 3 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ ಸ್ವರ 300 ಹರ್ಟ್ಸ್‌ಗೆ ಜಿಗಿಯುತ್ತದೆ. ಇವೆರಡರ ನಡುವೆ ಬೇರೆ ಸ್ವರವಿಲ್ಲ. ಗುಂಡಿ ನುಣುಪಾಗಿ ತಿರುಗಿದರೂ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಹೀಗೆ. ಎರಡು ಮೆಟ್ಟಿಲುಗಳ ನಡುವೆ ಗುಂಡಿ ತಿರುಗುವಾಗ ಸ್ಥಾಯಿ ಬದಲಾಗದೆ ನಾದಗುಣ ಮಾತ್ರ ಬದಲಾಗುತ್ತದೆ.

ಸಂಗೀತದ ದೃಷ್ಟಿಯಿಂದ

ಒಂದು ಆವೃತ್ತಿಯನ್ನು ಪೂರ್ಣಾಂಕಗಳಿಂದ ಭಾಗಿಸಿದಾಗ ದೊರೆಯುವ ಸ್ವರಗಳ ನಡುವಿನ ಅಂತರಗಳು ಸಹಜ ಅನುಪಾತಗಳಲ್ಲಿರುತ್ತವೆ. ಮೇಲಿನ ಉದಾಹರಣೆಯಲ್ಲಿ ದೊರೆಯುವ ಸ್ವರಗಳು 1200, 600, 400, 300, 240 ಹರ್ಟ್ಸ್. ಇವನ್ನು ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೀಗೆ ವಿವರಿಸಬಹುದು:

- 600 ಮತ್ತು 1200: ಷಡ್ಜ ಮತ್ತು ತಾರ ಷಡ್ಜ (1:2)
- 400 ಮತ್ತು 600: ಷಡ್ಜ ಮತ್ತು ಪಂಚಮ (2:3)
- 300 ಮತ್ತು 400: ಷಡ್ಜ ಮತ್ತು ಶುದ್ಧ ಮಧ್ಯಮ (3:4)
- 240 ಮತ್ತು 300: ಷಡ್ಜ ಮತ್ತು ಅಂತರ ಗಾಂಧಾರ (4:5)

ಆದರೆ ಏಳನೆಯ ಭಾಗದಂಥವು ರೂಢಿಯ ಸ್ವರಸ್ಥಾನಗಳ ಹೊರಗೆ ಬೀಳುತ್ತವೆ. ಈ ಕಾರಣದಿಂದ ಗುಂಡಿಯನ್ನು ಗೊತ್ತುಗುರಿಯಿಲ್ಲದೆ ತಿರುಗಿಸಿದಾಗಲೂ ಕೆಲವೆಡೆ ಹಿತವಾದ ಜಿಗಿತಗಳೂ ಕೆಲವೆಡೆ ಅಪಸ್ವರಗಳೂ ಕೇಳಿಬರುತ್ತವೆ.

ಹೀಗೆ ಭಾಗಿಸಿದ ಸ್ವರಗಳ ಬಳಕೆ 555 ಐಸಿಗಿಂತ ಹಳೆಯದು. ಜರ್ಮನಿಯ ಓಸ್ಕರ್ ಸಾಲಾ ಅವರ ಮಿಕ್ಸ್ಟುರ್ ಟ್ರೌಟೋನಿಯಂ ವಾದ್ಯವು ಇದೇ ತತ್ತ್ವವನ್ನು ಬಳಸಿತ್ತು. ಆಲ್ಫ್ರೆಡ್ ಹಿಚ್‌ಕಾಕ್ ಅವರ 1963ರ "ದಿ ಬರ್ಡ್ಸ್" ಚಲನಚಿತ್ರದ ಹಕ್ಕಿಗಳ ಶಬ್ದಗಳನ್ನು ಆ ವಾದ್ಯದಲ್ಲಿ ಸೃಷ್ಟಿಸಲಾಗಿತ್ತು.

ಬೇಕಾಗುವ ಭಾಗಗಳು

556 ಐಸಿ ಬಳಸುವ ಸಾಮಾನ್ಯ ರೂಪಕ್ಕೆ ಬೇಕಾಗುವ ಭಾಗಗಳು ಇವು:

- 556 ಐಸಿ: 1
- 500 ಕಿಲೋಓಮ್ ಪೊಟೆನ್ಶಿಯೋಮೀಟರ್: 2
- 1 ಕಿಲೋಓಮ್ ರೋಧಕ: 3
- 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ (ಮೇಲೆ 103 ಎಂಬ ಗುರುತು): 1
- 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ (ಮೇಲೆ 104 ಎಂಬ ಗುರುತು): 1
- 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್: 1
- 8 ಓಮ್ ಸ್ಪೀಕರ್, 9 ವೋಲ್ಟ್ ಬ್ಯಾಟರಿ, ಬ್ರೆಡ್‌ಬೋರ್ಡ್ ಮತ್ತು ತಂತಿಗಳು

ಇವೆಲ್ಲ ಸಾಮಾನ್ಯ ವಿದ್ಯುನ್ಮಾನ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುವಂಥವು. ಕರ್ನಾಟಕದಲ್ಲಿ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್‌.ಪಿ. ರಸ್ತೆ, ಇಂಥ ಅಂಗಡಿಗಳಿಗೆ ಹೆಸರಾಗಿದೆ.

ಜೋಡಣೆ

ಆರಂಭಿಕರು ಮಂಡಲವನ್ನು ಮೊದಲು ಬೆಸುಗೆಯಿಲ್ಲದೆ ಬ್ರೆಡ್‌ಬೋರ್ಡಿನ ಮೇಲೆ ಕಟ್ಟುವುದು ವಾಡಿಕೆ. ತಪ್ಪಾದ ತಂತಿಯನ್ನು ಕಿತ್ತು ಸರಿಯಾದ ಕಡೆ ಚುಚ್ಚಿದರೆ ಸಾಕು. ಐಸಿಯ ಒಂದು ತುದಿಯಲ್ಲಿರುವ ಕಚ್ಚು ಎಡಕ್ಕೆ ಬರುವಂತೆ ಇಟ್ಟಾಗ ಕೆಳಸಾಲಿನ ಎಡತುದಿಯದು 1ನೆಯ ಪಿನ್. ಅಲ್ಲಿಂದ ಬಲಕ್ಕೆ 7ರವರೆಗೂ, ಮೇಲುಸಾಲಿನಲ್ಲಿ ಬಲದಿಂದ ಎಡಕ್ಕೆ 8ರಿಂದ 14ರವರೆಗೂ ಎಣಿಕೆ ಸಾಗುತ್ತದೆ. ಸಂಪರ್ಕಗಳ ಕ್ರಮ ಹೀಗಿದೆ:

1. 14, 4 ಮತ್ತು 10ನೆಯ ಪಿನ್‌ಗಳನ್ನು ಬ್ಯಾಟರಿಯ ಧನ ತುದಿಗೂ 7ನೆಯ ಪಿನ್ನನ್ನು ಋಣ ತುದಿಗೂ ಸೇರಿಸಲಾಗುತ್ತದೆ.
2. ಧನ ತುದಿಯಿಂದ 1 ಕಿಲೋಓಮ್ ರೋಧಕ ಮತ್ತು ಮೊದಲ ಪೊಟೆನ್ಶಿಯೋಮೀಟರ್ ಒಂದರ ಹಿಂದೊಂದಾಗಿ 1ನೆಯ ಪಿನ್ನಿಗೆ ಬರುತ್ತವೆ.
3. 1ನೆಯ ಪಿನ್ನಿನಿಂದ ಇನ್ನೊಂದು 1 ಕಿಲೋಓಮ್ ರೋಧಕವು 2 ಮತ್ತು 6ನೆಯ ಪಿನ್‌ಗಳು ಕೂಡಿದ ಬಿಂದುವಿಗೆ ಹೋಗುತ್ತದೆ. ಆ ಬಿಂದುವಿನಿಂದ ಋಣ ತುದಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಬರುತ್ತದೆ.
4. 5ನೆಯ ಪಿನ್ನನ್ನು 8ನೆಯ ಪಿನ್ನಿಗೆ ಸೇರಿಸಲಾಗುತ್ತದೆ. ಮೊದಲ ಟೈಮರಿನ ಸೂಚನೆ ಎರಡನೆಯದಕ್ಕೆ ತಲುಪುವುದು ಈ ತಂತಿಯ ಮೂಲಕ.
5. ಧನ ತುದಿಯಿಂದ ಮೂರನೆಯ 1 ಕಿಲೋಓಮ್ ರೋಧಕ ಮತ್ತು ಎರಡನೆಯ ಪೊಟೆನ್ಶಿಯೋಮೀಟರ್ 12 ಮತ್ತು 13ನೆಯ ಪಿನ್‌ಗಳು ಕೂಡಿದ ಬಿಂದುವಿಗೆ ಬರುತ್ತವೆ. ಅಲ್ಲಿಂದ ಋಣ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುತ್ತದೆ.
6. 9ನೆಯ ಪಿನ್ನಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಸ್ಪೀಕರಿಗೂ ಸ್ಪೀಕರಿನ ಇನ್ನೊಂದು ತುದಿಯಿಂದ ಋಣ ತುದಿಗೂ ಸಂಪರ್ಕ ಕೊಡಲಾಗುತ್ತದೆ. ಕೆಪಾಸಿಟರಿನ ಧನ ಕಾಲು ಐಸಿಯ ಕಡೆಗಿರಬೇಕು.

ಪೊಟೆನ್ಶಿಯೋಮೀಟರುಗಳ ಜೊತೆಗಿರುವ 1 ಕಿಲೋಓಮ್ ರೋಧಕಗಳನ್ನು ಹಲವು ನಕ್ಷೆಗಳಲ್ಲಿ ಕೈಬಿಡಲಾಗಿದೆ. ಅವಿಲ್ಲದಿದ್ದರೆ ಗುಂಡಿ ಶೂನ್ಯಕ್ಕೆ ತಿರುಗಿದಾಗ ಬ್ಯಾಟರಿಯ ಧನ ತುದಿ ಐಸಿಯ ಒಳಗಿನ ಟ್ರಾನ್ಸಿಸ್ಟರಿಗೆ ನೇರವಾಗಿ ತಗುಲಿ ಐಸಿ ಬಿಸಿಯೇರಿ ಕೆಡಬಹುದು. ಮೂರನೆಯ ಹೆಜ್ಜೆಯಲ್ಲಿನ ರೋಧಕದ ಉದ್ದೇಶ ಬೇರೆ. ಅದರ ಬೆಲೆ ಕಡಿಮೆ ಇರುವುದರಿಂದ ಮೊದಲ ಟೈಮರಿನ ಸೂಚನೆ ಕೇವಲ 7 ಮೈಕ್ರೋಸೆಕೆಂಡಿನಷ್ಟು ಚಿಕ್ಕದಾಗುತ್ತದೆ. ಎರಡನೆಯ ಟೈಮರ್ ಸರಿಯಾಗಿ ಕೆಲಸ ಮಾಡಲು ಸೂಚನೆಯು ಸ್ಪಂದಕ್ಕಿಂತ ಚಿಕ್ಕದಾಗಿರುವುದು ಅಗತ್ಯ.

ಈ ಬೆಲೆಗಳಲ್ಲಿ ಮೊದಲ ಟೈಮರಿನ ಅತಿ ಕಡಿಮೆ ಆವೃತ್ತಿ ಸುಮಾರು 285 ಹರ್ಟ್ಸ್. ಸ್ಪಂದದ ಗರಿಷ್ಠ ಅವಧಿ ಸುಮಾರು 55 ಮಿಲಿಸೆಕೆಂಡು. ಎರಡೂ ಗುಂಡಿಗಳು ಗರಿಷ್ಠ ರೋಧದಲ್ಲಿದ್ದಾಗ ಸೆಕೆಂಡಿಗೆ 20ಕ್ಕಿಂತ ಕಡಿಮೆ ಸ್ಪಂದಗಳು ಹೊರಡುವುದರಿಂದ ಸ್ವರದ ಬದಲು ಬಿಡಿಬಿಡಿಯಾದ ಟಕಟಕ ಸದ್ದು ಕೇಳುತ್ತದೆ.

ಸಾಮಾನ್ಯ ದೋಷಗಳು

ಮೊದಲ ಪ್ರಯತ್ನದಲ್ಲಿ ಶಬ್ದ ಬಾರದಿರುವುದು ಅಪರೂಪವಲ್ಲ. ಹೆಚ್ಚಾಗಿ ಕಂಡುಬರುವ ಕಾರಣಗಳೆಂದರೆ ಐಸಿಯನ್ನು ತಿರುಗಾಮುರುಗಾ ಕೂರಿಸಿರುವುದು, 4 ಅಥವಾ 10ನೆಯ ಪಿನ್ನನ್ನು ಧನ ತುದಿಗೆ ಸೇರಿಸದಿರುವುದು, ಪಿನ್‌ಗಳನ್ನು ತಪ್ಪಾಗಿ ಎಣಿಸಿರುವುದು. ಕೆಲವು ಬ್ರೆಡ್‌ಬೋರ್ಡುಗಳ ಅಂಚಿನ ವಿದ್ಯುತ್ ಸಾಲುಗಳು ನಡುವೆ ತುಂಡಾಗಿರುತ್ತವೆ. ಇದನ್ನು ಗಮನಿಸದಿದ್ದರೆ ಮಂಡಲದ ಅರ್ಧಭಾಗಕ್ಕೆ ವಿದ್ಯುತ್ತೇ ತಲುಪದು. 103 ಮತ್ತು 104 ಗುರುತಿನ ಕೆಪಾಸಿಟರುಗಳು ಅದಲುಬದಲಾದರೆ ಶಬ್ದ ಬರುತ್ತದೆ. ಆದರೆ ಮೊದಲ ಟೈಮರಿನ ಆವೃತ್ತಿ ಹತ್ತನೆಯ ಒಂದಕ್ಕೆ ಇಳಿದಿರುತ್ತದೆ.

ದೋಷವನ್ನು ಹಂತಹಂತವಾಗಿ ಹುಡುಕಬಹುದು. ಸ್ಪೀಕರಿನ ಕಡೆಯ ಕೆಪಾಸಿಟರನ್ನು 9ನೆಯ ಪಿನ್ನಿನಿಂದ ತೆಗೆದು 5ನೆಯದಕ್ಕೆ ಸೇರಿಸಿ ಮೊದಲ ಗುಂಡಿಯನ್ನು ತಿರುಗಿಸಿದಾಗ ಕ್ಷೀಣವಾದ ನಾದ ಕೇಳಿದರೆ ಮೊದಲ ಟೈಮರ್ ಸರಿಯಿದೆ ಎಂದೂ ದೋಷ ಎರಡನೆಯದರಲ್ಲಿದೆ ಎಂದೂ ತಿಳಿಯುತ್ತದೆ. ದೊಡ್ಡ ಸಿಂಥಸೈಜರುಗಳನ್ನು ದುರಸ್ತಿ ಮಾಡುವವರೂ ಅನುಸರಿಸುವ ಕ್ರಮ ಇದೇ. ಆರಂಭಿಕನಿಗೆ ಈ ಮಂಡಲ ಕಲಿಸುವ ಪಾಠಗಳಲ್ಲಿ ಇದು ಬಹುಶಃ ಹೆಚ್ಚು ಕಾಲ ಉಪಯೋಗಕ್ಕೆ ಬರುವಂಥದು.

ಸುರಕ್ಷತೆ

ಬ್ಯಾಟರಿಯಿಂದ ನಡೆಯುವುದರಿಂದ ಮಂಡಲದಲ್ಲಿ ವಿದ್ಯುದಾಘಾತದ ಅಪಾಯವಿಲ್ಲ. ಮನೆಯ 230 ವೋಲ್ಟ್ ಸರಬರಾಜಿಗೆ ನೇರವಾಗಿ ಜೋಡಿಸುವ ಉಪಕರಣಗಳನ್ನು ಬಿಚ್ಚುವುದಾಗಲಿ ಮಾರ್ಪಡಿಸುವುದಾಗಲಿ ಆರಂಭಿಕರ ಕೆಲಸವಲ್ಲ. ಶ್ರವಣದ ಅಪಾಯ ಮಾತ್ರ ಇಲ್ಲೂ ಉಂಟು. ಹೊರಬರುವ ಸಂಕೇತ ಹಲವು ವೋಲ್ಟ್‌ಗಳಷ್ಟು ಪ್ರಬಲವಾಗಿರುವುದರಿಂದ ಹೆಡ್‌ಫೋನನ್ನು ನೇರವಾಗಿ ಜೋಡಿಸಬಾರದು. ಆಂಪ್ಲಿಫೈಯರಿಗೆ ಕೊಡುವಾಗ 10 ಕಿಲೋಓಮ್ ಮತ್ತು 1 ಕಿಲೋಓಮ್ ರೋಧಕಗಳ ವಿಭಾಜಕದಿಂದ ಸಂಕೇತವನ್ನು ಸುಮಾರು ಹನ್ನೊಂದನೆಯ ಒಂದು ಭಾಗಕ್ಕೆ ಇಳಿಸಬಹುದು. ಶಾಶ್ವತ ರೂಪಕ್ಕಾಗಿ ಬೆಸುಗೆ ಹಾಕುವಾಗ ಗಾಳಿಯಾಡುವ ಸ್ಥಳವನ್ನು ಆರಿಸಿಕೊಳ್ಳುವುದೂ ಸೀಸವಿರುವ ಬೆಸುಗೆ ಮುಟ್ಟಿದ ಬಳಿಕ ಕೈ ತೊಳೆಯುವುದೂ ಅವಶ್ಯ.

ಮಾರ್ಪಾಡುಗಳು

ಪೊಟೆನ್ಶಿಯೋಮೀಟರಿನ ಸ್ಥಳದಲ್ಲಿ ಬೆಳಕಿಗೆ ಸ್ಪಂದಿಸುವ ರೋಧಕವನ್ನು ಇಟ್ಟರೆ ಕೈಯ ನೆರಳಿನಿಂದಲೇ ಸ್ವರವನ್ನು ಬದಲಿಸಬಹುದು. 3 ಮತ್ತು 11ನೆಯ ಪಿನ್‌ಗಳಿಗೆ ಹೊರಗಿನ ವೋಲ್ಟೇಜು ಕೊಟ್ಟು ಎರಡೂ ಟೈಮರುಗಳನ್ನು ನಿಯಂತ್ರಿಸಬಹುದು. ನಿಧಾನವಾಗಿ ಆಂದೋಲಿಸುವ ಇನ್ನೊಂದು 555 ಮತ್ತು 4017 ಎಣಿಕೆ ಐಸಿಯನ್ನು ಸೇರಿಸಿದರೆ ಮಂಡಲವು ಮೊದಲೇ ಹೊಂದಿಸಿಟ್ಟ ಸ್ವರಗಳನ್ನು ಸರದಿಯಂತೆ ತಾನೇ ನುಡಿಸುತ್ತದೆ.

ಮಿತಿಗಳು

ಈ ಮಂಡಲದಲ್ಲಿ ಶ್ರುತಿ ಹಿಡಿದು ನುಡಿಸುವುದು ಕಷ್ಟ. ಆವೃತ್ತಿಯು ರೋಧಕ್ಕೆ ವಿಲೋಮವಾಗಿರುವುದರಿಂದ ಎತ್ತರದ ಸ್ವರಗಳೆಲ್ಲ ಗುಂಡಿಯ ಒಂದು ತುದಿಯಲ್ಲಿ ಇಕ್ಕಟ್ಟಾಗುತ್ತವೆ. ಭಾಗಗಳ ಬೆಲೆಗಳಲ್ಲಿನ ಸಹಜ ವ್ಯತ್ಯಾಸದಿಂದ ಒಂದೇ ನಕ್ಷೆಯಂತೆ ಕಟ್ಟಿದ ಎರಡು ಮಂಡಲಗಳೂ ಒಂದೇ ರೀತಿ ನುಡಿಯುವುದಿಲ್ಲ. ಯೂರೋರ‍್ಯಾಕ್ ಸಿಂಥಸೈಜರುಗಳಲ್ಲಿ 1 ವೋಲ್ಟ್ ಏರಿಕೆಗೆ ಆವೃತ್ತಿ ಇಮ್ಮಡಿಯಾಗುವ ಪದ್ಧತಿಯಿದೆ. 3 ಮತ್ತು 11ನೆಯ ಪಿನ್‌ಗಳು ಆ ನಿಯಮವನ್ನು ಪಾಲಿಸುವುದಿಲ್ಲ. ಸ್ಪೀಕರಿನ ಮುಂದಿನ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ತಗ್ಗಿನ ಸ್ವರಗಳನ್ನು ಕ್ಷೀಣಗೊಳಿಸುತ್ತದೆ.

ಆದಕಾರಣ ಇದನ್ನು ರಾಗ ಅಥವಾ ಸ್ವರಪ್ರಸ್ತಾರ ನುಡಿಸುವ ವಾದ್ಯವಾಗಿ ಬಳಸುವುದಕ್ಕಿಂತ ಶಬ್ದಪ್ರಯೋಗಗಳಿಗೂ ಲಯಬದ್ಧ ಸದ್ದುಗಳಿಗೂ ಹೆಚ್ಚಾಗಿ ಬಳಸಲಾಗುತ್ತದೆ. ಆಂದೋಲನ, ಸ್ಪಂದದ ಅವಧಿ, ಆವೃತ್ತಿಯ ಭಾಗಾಕಾರ ಮತ್ತು ವೋಲ್ಟೇಜಿನ ನಿಯಂತ್ರಣ ಎಂಬ ನಾಲ್ಕು ಮೂಲ ಪರಿಕಲ್ಪನೆಗಳು ಇದರಲ್ಲಿ ಒಟ್ಟಿಗೇ ದೊರೆಯುತ್ತವೆ. ಹೆಚ್ಚು ಸಂಕೀರ್ಣವಾದ ಸಿಂಥಸೈಜರುಗಳನ್ನು ಕಟ್ಟುವವರಿಗೆ ಬೇಕಾಗುವ ಅಡಿಪಾಯವೂ ಇವೇ ಆಗಿವೆ.