ಅಂಚೆಯಲ್ಲಿ ಬಂದ ಪದವಿ

ಕೆಲಸದ ಜೊತೆ ದೂರದಿಂದಲೇ ಪದವಿ ಓದುವುದು ಕೋವಿಡ್ ಕಾಲದ ಕೂಸೆಂದು ನಮ್ಮ ಆಫೀಸಿನ ಹುಡುಗರ ನಂಬಿಕೆ. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಇಗ್ನೋ, 1991ರಲ್ಲಿ ಆರೋಗ್ಯ ವಿಜ್ಞಾನ ವಿಭಾಗ ತೆರೆದು, ಅದೇ ದಶಕದಲ್ಲಿ ಡಿಪ್ಲೊಮಾ ನರ್ಸ್‌ಗಳಿಗೆ ಕೆಲಸ ಬಿಡದೆ ಬಿ.ಎಸ್ಸಿ. ಓದುವ ದಾರಿ ಮಾಡಿಕೊಟ್ಟಿತು. ಪಾಠ ಅಂಚೆಯಲ್ಲಿ, ಪ್ರಾಯೋಗಿಕ ತರಬೇತಿ ಆಸ್ಪತ್ರೆಯಲ್ಲೇ. ಇಂಜೆಕ್ಷನ್ ಚುಚ್ಚುವುದನ್ನು ಟಪಾಲಿನಲ್ಲಿ ಕಲಿಸಲಾದೀತೆ? 2000ದಲ್ಲಿ ಜ್ಞಾನದರ್ಶನ ಟಿ.ವಿ., 2004ರಲ್ಲಿ ಎಜುಸ್ಯಾಟ್ ಉಪಗ್ರಹ ಬಂದವು.

ಮುಂಬೈಯಲ್ಲಿ ನರ್ಸ್ ಆಗಿದ್ದ ನಮ್ಮ ಚಿಕ್ಕಮ್ಮನಿಗೆ ಉಪಗ್ರಹದ ಸುದ್ದಿಯೇ ಗೊತ್ತಿರಲಿಲ್ಲ. ರಾತ್ರಿಪಾಳಿ ಮುಗಿಸಿ, ಲೋಕಲ್‌ನಲ್ಲಿ ಸೀಟು ಸಿಕ್ಕಿದರೆ ಓದುತ್ತಿದ್ದರು. ತೊಡಕಿದ್ದದ್ದೆಲ್ಲ ರಜೆಯದು. ಸಂಪರ್ಕ ತರಗತಿಗೆಂದು ರಜೆ ಕೇಳಿದರೆ ಮೇಟ್ರನ್ ಕೊಟ್ಟದ್ದು ಇನ್ನೊಂದು ವಾರದ ರಾತ್ರಿಪಾಳಿ. ಮೂರು ವರ್ಷದ ಕೋರ್ಸು ಐದಾಯಿತು. ಅವರ ಪುಸ್ತಕಗಳ ನಡುವೆ ಅವಧಿ ಮುಗಿದ ರೈಲ್ವೆ ಪಾಸುಗಳು ಇಂದಿಗೂ ಸಿಗುತ್ತವೆ.