ದೀಪವಿಲ್ಲದ ಊರು, ಹೆಸರಿಲ್ಲದ ಬಾಣಂತಿ

ಸಂಘದಲ್ಲಿ ಬೆಳೆ ಸಾಲಕ್ಕೆ ಅರ್ಜಿ ಹಾಕಿದವರಿಗೆಲ್ಲ ಪಹಣಿಯ ಪರಿಚಯ ಉಂಟು. ಅದರ ಮೇಲ್ಭಾಗದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಎಂದು ನಮೂದಾಗಿರುತ್ತದೆ. ನಮ್ಮ ಸದಸ್ಯರಲ್ಲಿ ಕೆಲವರ ಪಹಣಿಯಲ್ಲಿ ಗ್ರಾಮ ಎಂಬ ಕಡೆ ನಮ್ಮೂರಿನ ಹೆಸರಿಲ್ಲ; ಕೆರೆಯಾಚೆಗಿನ ಹಾಳೂರಿನ ಹೆಸರಿದೆ. ಅಲ್ಲಿ ಮನೆಯಿಲ್ಲ, ಮಂದಿಯಿಲ್ಲ, ಕೋಳಿ ಕೂಗುವುದಿಲ್ಲ. ಆದರೂ ಸರ್ವೆ ನಂಬರುಗಳಿವೆ, ಕಂದಾಯವಿದೆ, ಸಾಲವೂ ಸಿಗುತ್ತದೆ! ಕಂದಾಯ ಇಲಾಖೆಯವರು ಇಂಥ ಊರನ್ನು 'ಬೇಚರಾಕ್ ಗ್ರಾಮ' ಎನ್ನುತ್ತಾರೆ. ಪಾರಸಿ ಭಾಷೆಯ 'ಬೇ ಚಿರಾಗ್' ಎಂಬುದು ನಮ್ಮವರ ಬಾಯಲ್ಲಿ ಹೀಗಾಗಿದೆ. ಚಿರಾಗ್ ಎಂದರೆ ದೀಪ. ದೀಪವಿಲ್ಲದ ಊರು ಎಂದರ್ಥ. ಶ್ಯಾನುಭೋಗರ ಲೆಕ್ಕದ ಪುಸ್ತಕದಲ್ಲಿ ಇಷ್ಟು ಕರುಳು ಚುರುಕ್ಕೆನ್ನಿಸುವ ಮಾತು ಮತ್ತೊಂದಿರಲಾರದು.

ಚಿಕ್ಕಂದಿನಲ್ಲಿ ನಮಗೆ ಈ ಹಾಳೂರೆಂದರೆ ಭಯ. "ಹೊತ್ತು ಮುಳುಗಿದ ಮ್ಯಾಲೆ ಅತ್ಲಾಗೆ ಹೋಗ್ಬ್ಯಾಡಿ ಕಣ್ರಪ್ಪ, ಬಾಣಂತಿ ಓಡಾಡ್ತಾಳೆ, ಗಾಳಿ ಸೋಕುತ್ತೆ" ಎಂದು ಅಜ್ಜಿಯರು ಹೆದರಿಸುತ್ತಿದ್ದರು. ಹುಣಿಸೆ ಮರದ ಕೆಳಗೆ ಮಗು ಅಳುವ ಸದ್ದು ಕೇಳಿದವರಿದ್ದರು. ಬಿಳಿ ಸೀರೆ ಕಂಡವರಿದ್ದರು. ದನ ತಪ್ಪಿಸಿಕೊಂಡು ಆ ಕಡೆ ಹೋದರೆ ಬೆಳಗಾಗುವ ತನಕ ಯಾರೂ ಹುಡುಕಲು ಹೋಗುತ್ತಿರಲಿಲ್ಲ. 1990ರ ಆಸುಪಾಸಿನಲ್ಲಿ 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆಯುವ ಗಾಳಿಸುದ್ದಿ ನಾಡಿನ ಊರೂರಿಗೆ ಹಬ್ಬಿತಷ್ಟೆ. ಆಗ ನಮ್ಮೂರಿನವರು, ಬಂದಿರೋಳು ಹಾಳೂರಿನ ಬಾಣಂತಿಯೇ ಸೈ ಎಂದು ತೀರ್ಮಾನಿಸಿ ಸುಣ್ಣದಲ್ಲಿ ಬರೆದದ್ದೂ ಉಂಟು.

ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಇತಿಹಾಸದ ಒಂದು ಲೇಖನ ಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಇದ್ದ ಊರಿನ ಚರಿತ್ರೆ ಎಲ್ಲರೂ ಬರೆಯುತ್ತಾರೆ, ಹೋದ ಊರಿನದನ್ನು ನಾವು ಬರೆಯೋಣ ಎಂದುಕೊಂಡೆವು. ನಾವು ನಾಲ್ವರು ಒಂದು ಕ್ಯಾಮರಾ ಹಿಡಿದು ಹೊರಟೆವು. ಹಾಳು ಜಾಗಗಳನ್ನು ನೋಡುವುದು ಹೇಗೆಂದು ಕಲಿಯಲು ಮೊದಲು ಹತ್ತಿರದ ಶ್ರೀರಂಗಪಟ್ಟಣಕ್ಕೇ ಹೋದೆವು.

ಬರಿದಾದ ಪಟ್ಟಣ

ಶ್ರೀರಂಗಪಟ್ಟಣವೆಂದರೆ ನಮಗೆ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ. ಆದರೆ ಅದೂ ಒಂದು ಕಾಲಕ್ಕೆ ಅರ್ಧಕ್ಕರ್ಧ ಹಾಳೂರಾಗಿತ್ತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಸುಲ್ತಾನನ ಕಾಲದಲ್ಲಿ ಲಕ್ಷಕ್ಕೂ ಮಿಕ್ಕಿ ಜನರಿದ್ದರೆಂದು ಹೇಳುವ ದ್ವೀಪದಲ್ಲಿ, ಮರುವರ್ಷ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಪ್ರವಾಸ ಬಂದಾಗ ಸುಮಾರು 32 ಸಾವಿರ ಜನ ಮಾತ್ರ ಉಳಿದಿದ್ದರು. ದ್ವೀಪವನ್ನು ಇಂಗ್ಲಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡು ದಂಡನ್ನು ಇರಿಸಿದರು. ಯುದ್ಧದಲ್ಲಿ ಗೆದ್ದವರನ್ನು ಚಳಿಜ್ವರ ಗೆದ್ದಿತು. ಜ್ವರದ ಕಾಟ ತಡೆಯಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಇಂದಿನ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹೀಗೆ. ಅಂದರೆ ಒಂದು ಊರಿನ ಸೊಳ್ಳೆ ಇನ್ನೊಂದು ಊರನ್ನು ಕಟ್ಟಿತು!

ದಂಡು ಹೋಯಿತು, ಸತ್ತವರು ಉಳಿದರು. ಹೆದ್ದಾರಿಯಿಂದ ಕೂಗಳತೆ ದೂರದಲ್ಲಿ, ಕಾವೇರಿಯ ದಡದ ಹತ್ತಿರ ಇರುವ ಗ್ಯಾರಿಸನ್ ಸ್ಮಶಾನದಲ್ಲಿ ಮುನ್ನೂರರಷ್ಟು ಗೋರಿಗಳಿವೆ. ಕೆಲವು ಮಂಟಪದಂತೆ, ಕೆಲವು ಮೊನಚು ಗೋಪುರದಂತೆ, ಕೆಲವು ಬರಿಯ ಗಾರೆ ದಿಣ್ಣೆಯಂತೆ. ಇಂಗ್ಲಿಷರು ಮಾತ್ರವಲ್ಲ, ಸ್ವಿಟ್ಜರ್‌ಲೆಂಡಿನ ಜನರೂ ಇಲ್ಲಿ ಮಲಗಿದ್ದಾರೆಂದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಡಿ ಮ್ಯೂರಾನ್ ರೆಜಿಮೆಂಟು ಎಂಬುದನ್ನು 1781ರಲ್ಲಿ ಡಚ್ಚರ ಕೆಲಸಕ್ಕಾಗಿ ಕಟ್ಟಿದರು. ಸಿಂಹಳದಲ್ಲಿದ್ದ ಅದು 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಸೇರಿ, 1799ರಲ್ಲಿ ನಮ್ಮ ಕೋಟೆಯ ಮುತ್ತಿಗೆಗೆ ಬಂದಿತು. ಹಿಮದ ಬೆಟ್ಟದ ಹುಡುಗರು ಕೂಲಿಗಾಗಿ ಕಾವೇರಿಗೆ ಬಂದು ಮಣ್ಣಾದರು. ಅವರಿಗೂ ಟಿಪ್ಪುವಿಗೂ ಏನು ಹಗೆ? ಬಹಳ ಕಾಲ ಲಂಟಾನ ಮುಚ್ಚಿಕೊಂಡಿದ್ದ ಈ ಜಾಗವನ್ನು ಇತ್ತೀಚೆಗೆ, 2000ದ ನಂತರದ ವರ್ಷಗಳಲ್ಲಿ, ಅದೇ ಡಿ ಮ್ಯೂರಾನ್ ಮನೆತನದವರು ಮುಂದೆ ನಿಂತು ಜೀರ್ಣೋದ್ಧಾರ ಮಾಡಿಸಿದರು. ಇನ್ನೂರು ವರ್ಷದ ಮೇಲೆ ಹಿರೀಕರ ಗೋರಿ ಹುಡುಕಿಕೊಂಡು ಬಂದರೆಂದರೆ ಅದನ್ನು ಮೆಚ್ಚಲೇಬೇಕು.

ಸ್ಕಾಟ್ ಬಂಗಲೆಯ ಕತೆ

ಪಟ್ಟಣದ ದೆವ್ವದ ಕತೆಗಳಲ್ಲೆಲ್ಲ ದೊಡ್ಡದು ಹೊಳೆ ದಡದ ಸ್ಕಾಟ್ ಬಂಗಲೆಯದು. ಕರ್ನಲ್ ಸ್ಕಾಟ್ ಎಂಬುವನು ಇಲ್ಲಿನ ಫಿರಂಗಿ ಗಾಡಿ ಕಾರ್ಖಾನೆಯ ಮೇಲಧಿಕಾರಿ. ಒಂದು ದಿನ ಮನೆಗೆ ಬಂದು ನೋಡುತ್ತಾನೆ, ಹೆಂಡತಿ ಮಕ್ಕಳೆಲ್ಲ ವಾಂತಿಭೇದಿಗೆ ಸಿಕ್ಕಿ ಹೆಣವಾಗಿದ್ದಾರೆ. ದುಃಖ ತಡೆಯಲಾರದೆ ಕಾವೇರಿಗೆ ಇಳಿದವನು ಮತ್ತೆ ಕಾಣಲಿಲ್ಲ. ಮೈಸೂರು ಅರಸರು ಸ್ನೇಹಿತನ ನೆನಪಿಗೆ ಮನೆಯನ್ನು, ಮೇಜು ಕುರ್ಚಿ ಮಂಚಗಳನ್ನು ಇದ್ದ ಹಾಗೇ ಇಡಿಸಿದರು. ಅವೆಲ್ಲ ಧೂಳು ಹಿಡಿದು, ಜೇಡ ಕಟ್ಟಿ, ರಾತ್ರಿ ಹೊತ್ತು ಪಿಯಾನೋ ನುಡಿಯತೊಡಗಿತು ಎಂಬುದು ಕತೆ. 1870ರ ದಶಕದಲ್ಲಿ 'ಆಲಿಫ್ ಚೀಮ್' ಎಂಬ ಗುಪ್ತನಾಮದ ಇಂಗ್ಲಿಷ್ ಅಧಿಕಾರಿ ಇದರ ಮೇಲೆ ಪದ್ಯವನ್ನೂ ಕಟ್ಟಿದ. ಅಲ್ಲಿಂದ ಕತೆ ಸೀಮೆಗೂ ಹೋಯಿತು.

ಈಗ ಗ್ಯಾರಿಸನ್ ಸ್ಮಶಾನಕ್ಕೆ ಮರಳಿ ಬರೋಣ. ಅಲ್ಲಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಎಂಬಾಕೆಯ ಗೋರಿ ಇದೆ. ಕರ್ನಲ್ಲನ ಹೆಂಡತಿ ಈಕೆಯೇ. ಈಕೆ 1817ರ ಏಪ್ರಿಲ್‌ನಲ್ಲಿ ಸತ್ತದ್ದು ವಾಂತಿಭೇದಿಯಿಂದಲ್ಲ, ಹೆರಿಗೆಯಲ್ಲಿ. ಕೂಸೂ ಅವಳ ಜೊತೆಯಲ್ಲೇ ಮಣ್ಣಾಗಿದೆ. ಇನ್ನೊಂದು ಮಾತು. ದೇಶವನ್ನೆಲ್ಲ ನಡುಗಿಸಿದ ಮೊದಲ ಕಾಲರಾ ಮಹಾಮಾರಿ ಬಂಗಾಳದ ಜೆಸ್ಸೂರಿನಲ್ಲಿ ತಲೆಯೆತ್ತಿದ್ದು 1817ರ ಆಗಸ್ಟಿನಲ್ಲಿ. ದಕ್ಷಿಣದ ಕಡೆ ಇಳಿದದ್ದು ಮುಂದಿನ ವರ್ಷ. ಹಾಗಾದರೆ ಕತೆಯೊಳಕ್ಕೆ ವಾಂತಿಭೇದಿ ಹೇಗೆ ಬಂತು? ಆಮೇಲೆ ಬಂದ ಪಿಡುಗಿನ ಭಯ ಹಿಂದಿನ ಸಾವಿಗೆ ಅಂಟಿಕೊಂಡಿರಬೇಕೆಂದು ನಮಗೆ ತೋರುತ್ತದೆ. ಜನರ ಬಾಯಲ್ಲಿ ಕತೆ ಬೆಳೆಯುವುದೇ ಹೀಗೆ. ಆದರೆ ಬೆಳೆಯುತ್ತಾ ಬೆಳೆಯುತ್ತಾ ಕರ್ನಲ್ಲ ಉಳಿದ, ಬಂಗಲೆ ಉಳಿಯಿತು, ಪಿಯಾನೋ ಉಳಿಯಿತು; ಹೆರಿಗೆ ನೋವಿನಲ್ಲಿ ಸತ್ತ ಹೆಂಗಸು ಮಾತ್ರ ಕಳೆದುಹೋದಳು. ಕಲ್ಲಿನ ಮೇಲೆ ಹೆಸರು ಕೊರೆದಿದ್ದರಿಂದ ಇಂದು ನಾವು ಅವಳನ್ನು ಹುಡುಕಿ ತೆಗೆಯಲು ಸಾಧ್ಯವಾಯಿತು.

ಆ ಗೋರಿಯ ಮುಂದೆ ನಿಂತಾಗ ನಮ್ಮಲ್ಲೊಬ್ಬರು, "ಇವಳೂ ಬಾಣಂತಿನೇ ಅಲ್ವಾ?" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನೀರೊಳಗಿನ ಊರು

ಅಲ್ಲಿಂದ ಕನ್ನಂಬಾಡಿ ಕಟ್ಟೆಗೆ ಹೋದೆವು. ನಮ್ಮ ಸೀಮೆಯ ರೈತರಿಗೆ ಕಟ್ಟೆಯೆಂದರೆ 124.80 ಅಡಿ, ತುಂಬಿತೋ ಇಲ್ಲವೋ ಎಂಬುದೊಂದೇ ಚಿಂತೆ. ಆದರೆ ಆ ನೀರಿನಡಿಯಲ್ಲಿ ಕನ್ನಂಬಾಡಿ ಎಂಬ ಊರೇ ಇದೆ. 1911ರಲ್ಲಿ ಕಟ್ಟೆಯ ಕೆಲಸ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಊರು ಮುಳುಗಿತು, ಹೆಸರು ಕಟ್ಟೆಗೆ ಉಳಿಯಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿ, ಬರಗಾಲ ಬಂದು ನೀರು ಇಳಿದಾಗ ಮಾತ್ರ ತಲೆಯೆತ್ತುತ್ತಿತ್ತು. ಆಗ ಜನ ಜಾತ್ರೆಯ ಹಾಗೆ ಹೋಗಿ ಕೈಮುಗಿದು, ಫೋಟೋ ಹಿಡಿದು ಬರುತ್ತಿದ್ದರು. ಬೆಳೆಗೆ ನೀರಿಲ್ಲದ ವರ್ಷವೇ ದೇವರ ದರ್ಶನ! ಮುಂದೆ ದಾನಿಗಳೊಬ್ಬರ ಪ್ರತಿಷ್ಠಾನವು ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಹೊಸ ಕನ್ನಂಬಾಡಿಯ ದಂಡೆಯಲ್ಲಿ ಮತ್ತೆ ಜೋಡಿಸಿತು. 2011ರ ಹೊತ್ತಿಗೆ ಕೆಲಸ ಮುಗಿಯಿತು. ನಾವು ಉಣ್ಣುವ ಅನ್ನ, ಕಬ್ಬಿಗೆ ಬಂದ ದುಡ್ಡು, ಅದರಿಂದ ಬೆಳೆದ ಈ ಸಂಘ, ಇವೆಲ್ಲದರ ಹಿಂದೆ ಯಾರೋ ಮನೆ ಬಿಟ್ಟು ಎದ್ದು ಹೋದ ಋಣ ಇದೆ ಎಂಬುದನ್ನು ಬೆಳ್ಳಿಹಬ್ಬದ ದಿನವಾದರೂ ನೆನೆಯಬೇಕಲ್ಲವೇ?

ನಮ್ಮ ಹಾಳೂರು

ಕೊನೆಗೆ ಕೆರೆಯಾಚೆಗೆ ಹೋದೆವು. ಹೊತ್ತು ಮೂಡುವ ಸಮಯ. ಅಡ್ಡಬಿಸಿಲಿನಲ್ಲಿ ಕಲ್ಲಿನ ಸವೆದ ಗೆರೆಗಳು ಎದ್ದು ಕಾಣುತ್ತವೆ. ಮಟಮಟ ಮಧ್ಯಾಹ್ನ ಏನೂ ತೋರದು. ಕಲ್ಲಿಗೆ ಸೀಮೆಸುಣ್ಣ ಬಳಿಯುವುದು, ಪಾಚಿ ಕೆರೆಯುವುದು ಮಾಡಬಾರದು, ಕಲ್ಲೇ ಹಾಳಾಗುತ್ತದೆ. ಹೊಲದವರನ್ನು ಕೇಳಿ ಹೋಗಬೇಕು, ಕೈಯಲ್ಲೊಂದು ಕೋಲಿರಬೇಕು. ದೆವ್ವಕ್ಕಲ್ಲ, ಹಾವಿಗೆ!

ಬಿದ್ದ ಗೋಡೆಯ ಮಣ್ಣು ದಿಬ್ಬ, ಒಂದು ಒರಳುಕಲ್ಲು, ಗುಡಿಯ ನಾಲ್ಕು ಕಂಬ, ಹುಣಿಸೆ ಮರ, ಅದರಡಿಯಲ್ಲಿ ಸಾಲಾಗಿ ನೆಟ್ಟ ಕಾಡುಗಲ್ಲುಗಳು. ಯಾವ ಕಲ್ಲಿನ ಮೇಲೂ ಅಕ್ಷರವಿಲ್ಲ. ಗುಡಿಯ ಗರ್ಭಗೃಹವನ್ನು ನಿಧಿಗಳ್ಳರು ಅಗೆದಿದ್ದಾರೆ. ಬಾಣಂತಿಯ ಭಯಕ್ಕೆ ನಾವು ದೂರವಿದ್ದೆವು, ಅವರು ಹೆದರಲಿಲ್ಲ. ನಮ್ಮ ಹೆದರಿಕೆ ಅವರಿಗೆ ಅನುಕೂಲವೇ ಆಯಿತು.

ಊರಿನ ಹಿರಿಯಜ್ಜಿಯನ್ನು ಕೇಳಿದೆವು. 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಪ್ಲೇಗು ವರ್ಷಗಟ್ಟಲೆ ಮರುಕಳಿಸುತ್ತಿತ್ತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಅಂಥದೊಂದು ಸಲ ಎದ್ದವರು ಹಾಳೂರಿಗೆ ಮರಳಲಿಲ್ಲ, ಇಲ್ಲೇ ನಿಂತರು ಎಂದು ಆಕೆ ತಮ್ಮ ಅಜ್ಜಿಯಿಂದ ಕೇಳಿದ್ದರು. "ಎಲ್ಲಾ ಎದ್ದು ಬಂದ್ರಂತೆ. ಒಬ್ಬಳಿಗೆ ಆವತ್ತೇ ನೋವು ಬಂದಿತ್ತಂತೆ. ಅವಳನ್ನ ಎತ್ಕೊಂಡು ಬರೋಕೆ ಆಗಲಿಲ್ಲ. ಯಾರೂ ಹತ್ರ ಹೋಗಲಿಲ್ಲ ಕಣಪ್ಪ, ಅದಕ್ಕೇ ಅಳ್ತಾಳೆ" ಎಂದರು. ಹೆಸರೇನಜ್ಜಿ ಎಂದೆವು. "ಹೆಸರು ಯಾರಿಗೆ ಗೊತ್ತು? ಬಾಣಂತಿ ಅಂತಾನೇ ಅನ್ನೋದು."

ಇದನ್ನು ಕೇಳಿ ನಮಗೆ ದೆವ್ವದ ಭಯ ಹೋಯಿತು, ನಾಚಿಕೆ ಬಂತು. ಅವಳು ನಮ್ಮನ್ನು ಹೆದರಿಸಲು ಬಂದವಳಲ್ಲ; ನಾವು ಬಿಟ್ಟು ಬಂದವಳು. ಪಟ್ಟಣದ ದೊರೆಸಾನಿಯ ಸಾವೂ ಇವಳ ಸಾವೂ ಒಂದೇ. ಅವಳಿಗೆ ಕಲ್ಲು ಸಿಕ್ಕಿತು, ಇವಳಿಗೆ ಹುಣಿಸೆ ಮರ ಸಿಕ್ಕಿತು. ಈಗ ನೋವು ಬಂದರೆ 108 ಗಾಡಿ ಮನೆ ಬಾಗಿಲಿಗೆ ಬರುತ್ತದೆ. ಆ ಕಾಲದಲ್ಲಿ ಬರಲು ಜನರೂ ಇರಲಿಲ್ಲ.

ನಮ್ಮ ಸಂಘದ ಷೇರು ಪುಸ್ತಕದಲ್ಲಿ ಒಂದು ಪದ್ಧತಿ ಇದೆ. ಸದಸ್ಯರು ತೀರಿಕೊಂಡರೆ ಹೆಸರನ್ನು ಅಳಿಸುವುದಿಲ್ಲ. ಪಕ್ಕದಲ್ಲಿ ತಾರೀಖು ಬರೆದು, ವಾರಸುದಾರರ ಹೆಸರನ್ನು ಕೆಳಗೆ ಸೇರಿಸುತ್ತೇವೆ. ಊರಿಗೂ ಅಂಥ ಪುಸ್ತಕವೊಂದು ಬೇಕು. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಹಾಳೂರಿನವರ ಹೆಸರು, ಮನೆತನ, ಹಾಡು, ಏನೇ ಉಳಿದಿದ್ದರೂ ಸಂಘದ ಕಚೇರಿಗೆ ಬಂದು ಬರೆಸಿ. ತೆಗೆದ ಫೋಟೋಗಳನ್ನು ಕಚೇರಿಯ ಗೋಡೆಗೆ ಹಾಕಿದ್ದೇವೆ, ನೋಡಿ ಗುರುತು ಹೇಳಿ. ಆ ಬಾಣಂತಿಯ ಹೆಸರು ಯಾರ ಮನೆಯಲ್ಲಾದರೂ ಇದ್ದೀತು.

ಮೊನ್ನೆ ದೀಪಾವಳಿಯ ಅಮಾವಾಸ್ಯೆಯ ಸಂಜೆ ನಾವು ಕೆಲವರು ಹೋಗಿ ಹುಣಿಸೆ ಮರದ ಕೆಳಗೆ ಒಂದು ಹಣತೆ ಹಚ್ಚಿಟ್ಟು ಬಂದೆವು. ಪಹಣಿಯಲ್ಲಿ ಅದು ಬೇಚರಾಕ್ ಗ್ರಾಮವೇ. ಆದರೆ ಆ ಒಂದು ರಾತ್ರಿ ಅಲ್ಲಿ ದೀಪವಿತ್ತು.