ಕರಟದ ಚಹಾ, ಬೆಂಚಿನ ಮೇಲಿನ ದೋಸೆ

ನಮ್ಮ ಬಾಗೂರಿನ ಹಿರಿಯರಿಗೆ ಅನ್ನ ಮಾರುವುದು ಪಾಪದ ಕೆಲಸವಾಗಿತ್ತು. ಮಜ್ಜಿಗೆಗೆ ದುಡ್ಡು ಮುಟ್ಟದ ಮನೆಗಳನ್ನು ನಾನೇ ಕಂಡಿದ್ದೇನೆ. ಹಸಿದು ಬಂದವರಿಗೆ ಇಕ್ಕಬೇಕು, ಬೆಲೆ ಕೇಳಬಾರದು ಎಂಬುದು ಅವರ ನಡೆ. ಚನ್ನಕೇಶವನ ತೇರಿಗೆ ಬಂದವರು ನೆಂಟರ ಮನೆಯಲ್ಲಿ ಉಣ್ಣುತ್ತಿದ್ದರು, ನೆಂಟರಿಲ್ಲದವರು ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ದೂರದ ಊರಿಗೆ ಹೊರಟರೆ ರೊಟ್ಟಿ, ಚಟ್ನಿಪುಡಿಯ ಗಂಟು ಹೆಗಲಲ್ಲಿರುತ್ತಿತ್ತು. ದಾರಿಯಲ್ಲಿ ಛತ್ರಗಳಿದ್ದವು, ಮಠಗಳ ದಾಸೋಹವಿತ್ತು.

ಈ ಔದಾರ್ಯವನ್ನು ಹೊಗಳಿ ಬರೆದವರು ಬಹಳ ಮಂದಿ. ನನಗೂ ಅದರ ಮೇಲೆ ಗೌರವವಿದೆ. ಆದರೆ ಇಕ್ಕುವ ಕೈಗೆ ಉಣ್ಣುವವನ ಕುಲ ಗೊತ್ತಿರಬೇಕಿತ್ತು ಎಂಬುದನ್ನು ಬಿಟ್ಟು ಬರೆದರೆ ಆ ಚರಿತ್ರೆ ಅರ್ಧ ಮಾತ್ರ. ಒಬ್ಬರಿಗೆ ನಡುಮನೆ, ಒಬ್ಬರಿಗೆ ಜಗಲಿ, ಇನ್ನೊಬ್ಬರಿಗೆ ಹಿತ್ತಲು. ನಮ್ಮ ಸೀಮೆಯಲ್ಲಿ ಹೋಟೆಲು ಬಂದದ್ದನ್ನು ನಾನು ಈ ಜಾಗಗಳ ಲೆಕ್ಕದಲ್ಲಿಯೇ ನೋಡುತ್ತೇನೆ. ತಿಂಡಿ ಹೇಗಿತ್ತು ಎಂಬುದಕ್ಕಿಂತ ಮೊದಲು ಯಾರು ಎಲ್ಲಿ ಕೂತು ತಿಂದರು ಎಂದು ಕೇಳುತ್ತೇನೆ.

ಹೋಟೆಲು ನಮ್ಮ ಕಡೆಗೆ ಬಂದದ್ದು ರೈಲು, ಗಿರಣಿ, ಕೋರ್ಟು, ಶಾಲೆಗಳ ಬೆನ್ನು ಹಿಡಿದು. ಬೆಂಗಳೂರಿನಿಂದ ಹರಿಹರದವರೆಗಿನ ರೈಲು ಮಾರ್ಗ 1889ರ ಹೊತ್ತಿಗೆ ಪೂರ್ತಿಯಾಗಿತ್ತು. ಆ ಮಾರ್ಗದ ಮೇಲಿದ್ದ ದಾವಣಗೆರೆ ಹತ್ತಿಯ ಪೇಟೆಯಾಗಿ, ಮುಂದೆ ಗಿರಣಿಗಳ ಊರಾಗಿ ಬೆಳೆಯಿತು. 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ಅದು ನಮ್ಮ ಚಿತ್ರದುರ್ಗ ಜಿಲ್ಲೆಯದೇ. ಮನೆ ಬಿಟ್ಟು ಬಂದ ಗಂಡಸರು ಅಲ್ಲಿ ಸಾವಿರಗಟ್ಟಲೆ ದುಡಿಯುತ್ತಿದ್ದರು, ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕಿತ್ತು. ಉತ್ತರದಿಂದ ಖಾನಾವಳಿಗಳು ಬಂದವು, ಪಶ್ಚಿಮದಿಂದ ಉಡುಪಿ, ಕುಂದಾಪುರದವರ ಹೋಟೆಲುಗಳು ಬಂದವು. ಕರಾವಳಿಯವರು ಘಟ್ಟ ಹತ್ತಿದ್ದು ಹೊಟ್ಟೆಪಾಡಿಗೆ. 1923ರ ನೆರೆ ಅಲ್ಲಿನ ಎಷ್ಟೋ ಕುಟುಂಬಗಳನ್ನು ಊರು ಬಿಡಿಸಿತು. 1974ರ ಭೂಸುಧಾರಣೆಯ ನಂತರ ಗೇಣಿಯ ಆದಾಯ ನಿಂತವರಲ್ಲೂ ಹಲವರು ಹೋಟೆಲಿನ ದಾರಿ ಹಿಡಿದರು.

ಆರಂಭದ ಹೋಟೆಲುಗಳು ಹೆಸರಿನಲ್ಲೇ ಬಾಗಿಲು ಹಾಕಿಕೊಂಡಿದ್ದವು. ಈಗ ಲೋಕಕ್ಕೆಲ್ಲ ಗೊತ್ತಿರುವ ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ನಮ್ಮ ಪೇಟೆಗಳಲ್ಲಿ ಬ್ರಾಹ್ಮಣರ ಹೋಟೆಲು, ಲಿಂಗಾಯತ ಖಾನಾವಳಿ, ಮಿಲಿಟರಿ ಹೋಟೆಲು ಎಂದು ಬೋರ್ಡುಗಳಿದ್ದವು. ಓದು ಬಾರದವರೂ ಅವುಗಳ ಅರ್ಥ ಬಲ್ಲವರಾಗಿದ್ದರು.

ಈ ನಡುವೆ ದಾವಣಗೆರೆಯಲ್ಲಿ ಒಬ್ಬ ಹೆಂಗಸು ಮಾಡಿದ ಕೆಲಸವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಬೆಳಗಾವಿ ಸೀಮೆಯಿಂದ 1928ರ ಸುಮಾರಿಗೆ ಮಕ್ಕಳೊಂದಿಗೆ ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹಾಕಿ ಮಾರತೊಡಗಿದರು ಎಂದು ದಾವಣಗೆರೆಯವರು ಹೇಳುತ್ತಾರೆ. ರಾಗಿ ಹೋಗಿ ಅಕ್ಕಿ ಬಂದದ್ದು, ಮೇಲೆ ಬೆಣ್ಣೆ ಬಿದ್ದದ್ದು ಮಕ್ಕಳ ಕಾಲಕ್ಕೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬಿ, ಸೌದೆ ಒಲೆಯ ಕಾವಲಿಯಲ್ಲಿ ಹುಯ್ದು, ಬೆಣ್ಣೆ ಹಾಕಿ, ಆಲೂಗಡ್ಡೆ ಪಲ್ಯ ಮತ್ತು ಕಾಯಿ ಚಟ್ನಿಯ ಜೊತೆ ಕೊಡುವ ಈ ದೋಸೆ ನಾಟಕ ನೋಡುವವರಿಗಾಗಿ, ಹಮಾಲರಿಗಾಗಿ, ಗಿರಣಿಯ ಪಾಳಿ ಮುಗಿಸಿ ಬಂದವರಿಗಾಗಿ ಬೆಳೆಯಿತು. ಅದರ ಬೋರ್ಡಿಗೆ ಯಾವ ಜಾತಿಯೂ ಅಂಟಲಿಲ್ಲ.

ನಮ್ಮ ತಂದೆ ಹತ್ತಿ, ಶೇಂಗಾ ಮಾರಲು ದಾವಣಗೆರೆ ಪೇಟೆಗೆ ಹೋಗುತ್ತಿದ್ದರು. ಲಾರಿಯ ಮೇಲೆ ಮೂಟೆ ಕಾಯಲು ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು ಇರುತ್ತಿದ್ದರು. ಅವರು ಕೇರಿಯವರು, ನಾನು ಅವರನ್ನು ಅಜ್ಜ ಎನ್ನುತ್ತಿದ್ದೆ. ರಜೆ ಬಂದರೆ ನನಗೂ ಲಾರಿಯಲ್ಲಿ ಜಾಗ ಸಿಗುತ್ತಿತ್ತು. ವ್ಯಾಪಾರ ಮುಗಿದ ಮೇಲೆ ದೋಸೆಯಂಗಡಿಗೆ ಹೋಗುವುದು ವಾಡಿಕೆ. ಒಂದೇ ಕಾವಲಿ, ಎದುರಿಗೆ ಇಪ್ಪತ್ತು ಮೂವತ್ತು ಜನ. ಕಾಯುವುದೇ ಅರ್ಧ ದಿನ ಅನ್ನಿಸುತ್ತಿತ್ತು. ಸಪ್ಲೈಯರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತಟ್ಟೆಯನ್ನು ಬೆಂಚಿನ ಮೇಲೆ ಕುಕ್ಕಿ ಹೋಗುತ್ತಿದ್ದ. ಎರಡನೇ ಸಲ ಚಟ್ನಿ ಕೇಳಿದರೆ ರೇಗುತ್ತಿದ್ದ. ನಮ್ಮ ತಂದೆಗೆ ಆ ಒರಟುತನ ಸೇರುತ್ತಿರಲಿಲ್ಲ. ಅಜ್ಜ ಮಾತ್ರ ಅದೇ ಬೆಂಚಿನ ಮೇಲೆ, ನಮ್ಮಿಬ್ಬರ ಪಕ್ಕದಲ್ಲಿ ಕೂತು, ನಿಧಾನವಾಗಿ ತಿನ್ನುತ್ತಿದ್ದರು. ಮೊದಲ ಸಲ ನಾನು ಬೆರಗಾಗಿ ನೋಡಿದಾಗ ಅವರು ಹೇಳಿದ ಮಾತು ಇಷ್ಟೇ: “ಇಲ್ಲಿ ಯಾರೂ ಕೇಳಲ್ಲ ಕಣಪ್ಪ, ತಿನ್ನು.”

ನನ್ನ ಬೆರಗಿಗೆ ಕಾರಣವಿತ್ತು. ನಮ್ಮ ಸುತ್ತಿನ ಹಳ್ಳಿಯೊಂದರ ಚಹದಂಗಡಿಯಲ್ಲಿ ಅಜ್ಜನ ಪಾಲಿಗೆ ಒಂದು ತೆಂಗಿನ ಕರಟವಿತ್ತು. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಅದನ್ನು ಅವರೇ ತೆಗೆದು, ಅವರೇ ತೊಳೆದು, ನೆಲದ ಮೇಲಿಟ್ಟು ದೂರ ನಿಲ್ಲಬೇಕು. ಮೇಲಿಂದ ಚಹಾ ಹುಯ್ಯುತ್ತಿದ್ದರು. ದುಡ್ಡನ್ನು ಕಟ್ಟೆಯ ಮೇಲೆ ಇಡಬೇಕು. ಕೆಲವು ಕಡೆ ಕರಟದ ಬದಲು ಹಿಡಿ ಮುರಿದ ಕಪ್ಪು, ಕೆಲವು ಕಡೆ ಬೇರೆ ಗೂಟಕ್ಕೆ ಹಾಕಿದ ಲೋಟ. ದರ ಮಾತ್ರ ಎಲ್ಲರಿಗೂ ಒಂದೇ. ಇದು ನಡೆದದ್ದು ಸಂವಿಧಾನ ಬಂದು ಎಷ್ಟೋ ವರ್ಷಗಳಾದ ಮೇಲೆ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಅಂಗಡಿ, ಹೋಟೆಲುಗಳನ್ನು ಹೆಸರಿಟ್ಟು ಹೇಳಿ, ಅಲ್ಲಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರಿಗೂ ಅಡ್ಡಿಯಿರಕೂಡದು ಎನ್ನುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಇಂಥ ಅಡ್ಡಿಗೆ ಆರು ತಿಂಗಳವರೆಗೆ ಸಜೆ, ಐನೂರು ರೂಪಾಯಿವರೆಗೆ ದಂಡವಿತ್ತು. ದಿನವೂ ಅದೇ ಊರಿನ ಒಡೆಯರ ಹೊಲದಲ್ಲಿ ಕೂಲಿ ಮಾಡಬೇಕಾದ ಮನುಷ್ಯ ಒಂದು ಲೋಟ ಚಹಾಕ್ಕಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಹೇಗೆ? ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಈ ಲೋಟಗಳ ಪ್ರಶ್ನೆಯನ್ನು ಎತ್ತಿದವರು ಎಪ್ಪತ್ತರ ದಶಕದಿಂದ ಮುಂದೆ ದಲಿತ ಸಂಘರ್ಷ ಸಮಿತಿಯ ಹುಡುಗರು. ಅವರಿಗೆ ಬಿದ್ದ ಏಟುಗಳು ಹೋಟೆಲುಗಳ ಚರಿತ್ರೆಯ ಭಾಗವೇ ಹೌದು.

ಹಾಗೆಂದು ಪೇಟೆಯ ಹೋಟೆಲು ಸ್ವರ್ಗವಾಗಿರಲಿಲ್ಲ. ಚಿತ್ರದುರ್ಗದಲ್ಲಿ ಓದುವಾಗ ನಾನು ಊಟದ ಟಿಕೆಟ್ ಕೊಂಡು ತಿಂದವನು. ಕರಾವಳಿಯ ಅಡುಗೆಯವರು ಸಾಂಬಾರಿಗೆ ಬೆಲ್ಲ ಹಾಕುತ್ತಿದ್ದರು, ಖಾರ ಉಂಡು ಬೆಳೆದ ನಮ್ಮ ನಾಲಿಗೆಗೆ ಅದು ಹತ್ತುತ್ತಿರಲಿಲ್ಲ. ಬೆಳಗಿನ ಇಡ್ಲಿ ಮಲ್ಲಿಗೆಯಂತಿದ್ದರೆ ಮಧ್ಯಾಹ್ನದ ಅನ್ನ ಗಂಟುಗಂಟು. ಸಾರು ಮುಗಿಯುತ್ತ ಬಂದಾಗ ನೀರು ಬೆರೆಯುವುದನ್ನು ನಾವೆಲ್ಲ ಗುರುತು ಹಿಡಿಯುತ್ತಿದ್ದೆವು. ಮುದ್ದೆ ಮತ್ತು ರೊಟ್ಟಿ ಎರಡೂ ಉಣ್ಣುವ ಸೀಮೆ ನಮ್ಮದು. ಹಿರಿಯೂರು, ಹೊಸದುರ್ಗದ ಕಡೆ ರಾಗಿ ಹೆಚ್ಚು, ಉತ್ತರಕ್ಕೆ ಹೋದಂತೆ ಜೋಳ ಹೆಚ್ಚು. ಆದರೂ ಬೋರ್ಡು ಹಾಕಿದ ಸಸ್ಯಾಹಾರಿ ಹೋಟೆಲಿನಲ್ಲಿ ಮುದ್ದೆ ಕೇಳಿದರೆ ನಗುತ್ತಿದ್ದರು. ಮುದ್ದೆಗೆ ಮಿಲಿಟರಿ ಹೋಟೆಲೇ ಗತಿ. ನಮ್ಮ ನೆಲದಲ್ಲಿ ಬೆಳೆದ ಧಾನ್ಯಕ್ಕೆ ನಮ್ಮ ಪೇಟೆಯಲ್ಲಿ ಮರ್ಯಾದೆ ಇರಲಿಲ್ಲವೆಂಬುದು ಇವತ್ತಿಗೂ ನನಗೆ ನೋವಿನ ಸಂಗತಿ. ಈಗ ಹಿರಿಯೂರಿನ ಹೆದ್ದಾರಿಯ ಬದಿಯಲ್ಲಿ ‘ಮುದ್ದೆ ಊಟ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ಕಂಡಾಗ ಬಸ್ಸು ನಿಲ್ಲಿಸಿ ಇಳಿಯಬೇಕೆನಿಸುತ್ತದೆ.

ಬಡಿಸುವವರ ಮಾತನ್ನೂ ಹೇಳಬೇಕು. ನನಗೆ ಸಾರು ಬಡಿಸುತ್ತಿದ್ದ ಮಾಣಿ ನನಗಿಂತ ಚಿಕ್ಕವನು. ಕುಂದಾಪುರದ ಕಡೆಯವನು, ಟೇಬಲ್ ಒರೆಸುವುದರಿಂದ ಶುರುಮಾಡಿ ಸಪ್ಲೈಯರ್ ಆಗಿದ್ದ. ರಾತ್ರಿ ಅವೇ ಟೇಬಲ್‌ಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದ. ಬಡಿಸುವಾಗ ಅವನ ಕಣ್ಣು ಎಳೆಯುತ್ತಿತ್ತು. ಆ ಹೋಟೆಲಿನ ಸರ್ವೀಸು ಸರಿಯಿಲ್ಲ ಎಂದು ನನ್ನ ಗೆಳೆಯರು ಬೈಯುತ್ತಿದ್ದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ನಾವೆಲ್ಲ ತಿಂದದ್ದು ಇಂಥ ಹುಡುಗರ ನಿದ್ದೆಯ ಮೇಲೆ.

ಮುಂದೆ ನಿಂತು ತಿನ್ನುವ ಕಾಲ ಬಂತು. 1983ರಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಮೊದಲೇ ದುಡ್ಡು, ಚೀಟಿ, ಎದುರಿಗೇ ಅಡುಗೆ, ನಿಂತೇ ತಿಂಡಿ. ಈ ಪದ್ಧತಿ ಕೆಲವೇ ವರ್ಷಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದವರೆಗೂ ಬಂತು. ಹಿರಿಯರಿಗೆ ಕೂರಲು ಜಾಗವಿಲ್ಲವೆಂಬ ದೂರು ನ್ಯಾಯವಾದದ್ದೇ. ಆದರೆ ಕಟ್ಟೆಯ ಸುತ್ತ ನಿಂತವರಲ್ಲಿ ಒಳಗಿನವರು, ಹೊರಗಿನವರು ಎಂಬ ಭೇದ ಉಳಿಯಲಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬೇರೆ ಊರುಗಳಿಗೂ ಬಂದ ಇಂದಿರಾ ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗಲೂ ನನಗೆ ಅನ್ನಿಸಿದ್ದು ಇದೇ. ಐದು ರೂಪಾಯಿಯ ತಿಂಡಿಯ ರುಚಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ಆದರೆ ಸಾಲು ಒಂದೇ, ತಟ್ಟೆ ಒಂದೇ.

ಅಜ್ಜ ತೀರಿಕೊಂಡು ಬಹಳ ಕಾಲವಾಯಿತು. ಅವರ ಕರಟವಿದ್ದ ಅಂಗಡಿಯೂ ಈಗಿಲ್ಲ. ಆಮೇಲೆ ಬಂದ ಪ್ಲಾಸ್ಟಿಕ್ಕು, ಕಾಗದದ ಕಪ್ಪುಗಳು ಹಳ್ಳಿಯ ಬೇರೆ ಲೋಟಗಳನ್ನು ಬಹುಮಟ್ಟಿಗೆ ಮರೆಮಾಡಿವೆ. ಎಲ್ಲರೂ ಕುಡಿದು ಎಸೆಯುವುದರಿಂದ ಯಾರ ಎಂಜಲನ್ನು ಯಾರು ತೊಳೆಯಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಇದನ್ನು ಬದಲಾವಣೆ ಎಂದು ಬರೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಕೆಲವು ಅಂಗಡಿಗಳಲ್ಲಿ ಗಾಜಿನ ಲೋಟಗಳು ಇನ್ನೂ ಇವೆ. ಅಲ್ಲಿ ಒಳಗೆ ಕೂತ ನನಗೆ ಗಾಜಿನ ಲೋಟ ಬರುತ್ತದೆ, ಹೊರಗೆ ನಿಂತ ಕೂಲಿಯವರಿಗೆ ಕೇಳದೆಯೇ ಕಾಗದದ ಕಪ್ಪು ಹೋಗುತ್ತದೆ. ಅವರಿಗೂ ಗಾಜಿನ ಲೋಟದಲ್ಲೇ ಕೊಡಿ ಎಂದರೆ “ತೊಳೆಯೋ ಹುಡುಗ ಬಂದಿಲ್ಲ ಸರ್” ಎನ್ನುತ್ತಾರೆ. ನನ್ನ ಲೋಟವನ್ನು ಯಾರು ತೊಳೆದರು ಎಂದು ನಾನು ಕೇಳುತ್ತೇನೆ.